ಎಂಜಿನ್ನಿಗೂ ಬೇಕು ಹದವಾದ ಬಿಸಿ

ಮೋಟಾರು ವಾಹನ ಇಟ್ಟುಕೊಂಡವರಿಗೆಲ್ಲ ಎಂಜಿನ್ ಅತಿಯಾಗಿ ಬಿಸಿಯಾಗುವ ತೊಂದರೆ ಪರಿಚಿತವೇ. ಘಟ್ಟದ ತಿರುವಿನಲ್ಲಿ ಬಾನೆಟ್ ಎತ್ತಿ ನಿಲ್ಲಿಸಿದ ಕಾರು, ಬುಸುಗುಟ್ಟುತ್ತ ಹೊರಬರುವ ಹಬೆ, ನೀರಿಗಾಗಿ ಹಳ್ಳದತ್ತ ಓಡುವ ಚಾಲಕ – ಈ ನೋಟವನ್ನು ಕಾಣದವರು ನಮ್ಮ ಬೆಟ್ಟದ ಸೀಮೆಯಲ್ಲಿ ವಿರಳ. ಆದರೆ ಇದಕ್ಕೆ ತದ್ವಿರುದ್ಧವಾದ ಇನ್ನೊಂದು ದೋಷವಿದೆ. ಎಂಜಿನ್ ಎಷ್ಟು ದೂರ ಓಡಿದರೂ ಬಿಸಿಯಾಗಬೇಕಾದಷ್ಟು ಬಿಸಿಯಾಗುವುದಿಲ್ಲ. ಇದರಲ್ಲಿ ಹಬೆಯಿಲ್ಲ, ಸದ್ದಿಲ್ಲ, ವಾಹನ ದಾರಿಯಲ್ಲಿ ನಿಲ್ಲುವುದೂ ಇಲ್ಲ. ಆದ್ದರಿಂದ ಇದನ್ನು ದೋಷವೆಂದು ಭಾವಿಸುವವರೇ ಕಡಿಮೆ. "ನಮ್ಮ ಗಾಡಿ ಎಷ್ಟು ತಂಪು ನೋಡಿ" ಎಂದು ಸಂತೋಷಪಡುವವರೂ ಇದ್ದಾರೆ.

ಈ ಸಂತೋಷಕ್ಕೆ ಆಧಾರವಿಲ್ಲ. ಅತಿಯಾದ ಬಿಸಿ ಎಂಜಿನ್ನನ್ನು ಒಂದೇ ದಿನದಲ್ಲಿ ಕೆಡಿಸಿದರೆ, ತಣ್ಣಗೆ ಓಡುವಿಕೆ ಅದನ್ನು ತಿಂಗಳುಗಟ್ಟಲೆ ಸವೆಸುತ್ತದೆ. ನೀಲಗಿರಿಯ ಚಳಿಯಲ್ಲಿ ನೆಲಸಿರುವ ನಮ್ಮವರಿಗೂ, ಶಾಲೆಯ ಸುವರ್ಣ ಮಹೋತ್ಸವಕ್ಕೆಂದು ಮೈಸೂರು, ಕೊಯಮತ್ತೂರುಗಳಿಂದ ಘಟ್ಟ ಹತ್ತಿ ಬರುವ ಹಳೆಯ ವಿದ್ಯಾರ್ಥಿಗಳಿಗೂ ಈ ವಿಷಯ ಉಪಯುಕ್ತವಾದೀತೆಂದು ಭಾವಿಸಿ, ಇದರ ಕಾರಣ, ಪರೀಕ್ಷೆ ಮತ್ತು ಪರಿಹಾರಗಳನ್ನು ಇಲ್ಲಿ ವಿವರಿಸಲಾಗಿದೆ. ಪ್ರೌಢಶಾಲೆಯ ವಿಜ್ಞಾನ ಪಾಠಗಳಲ್ಲಿ ಉಷ್ಣದ ಬಗ್ಗೆ ಕಲಿತದ್ದು ನೆನಪಿದ್ದರೆ ಸಾಕು, ಇದನ್ನು ಅರ್ಥಮಾಡಿಕೊಳ್ಳಲು ಬೇರೆ ಸಿದ್ಧತೆ ಬೇಡ.

ಬಿಸಿ ಏಕೆ ಬೇಕು?

ಎಂಜಿನ್ನಿನಲ್ಲಿ ಉರಿಯುವ ಪೆಟ್ರೋಲಿನ ಶಕ್ತಿಯನ್ನು ಸ್ಥೂಲವಾಗಿ ಮೂರು ಪಾಲು ಮಾಡಬಹುದು. ಒಂದು ಪಾಲು ಚಕ್ರಗಳನ್ನು ಓಡಿಸಲು ಒದಗುತ್ತದೆ. ಇನ್ನೊಂದು ಪಾಲು ಹೊಗೆಯೊಡನೆ ಹೊರಗೆ ಹೋಗುತ್ತದೆ. ಮೂರನೆಯ ಪಾಲು ಸಿಲಿಂಡರಿನ ಗೋಡೆಗಳ ಮೂಲಕ ಸುತ್ತಲಿನ ನೀರಿಗೆ ಸೇರುತ್ತದೆ. ಈ ಮೂರನೆಯ ಪಾಲನ್ನು ರೇಡಿಯೇಟರಿನ ಮೂಲಕ ಗಾಳಿಗೆ ಬಿಡದಿದ್ದರೆ ಲೋಹವೇ ಕೆಡುತ್ತದೆ. ಆದರೆ ಅದೆಲ್ಲವನ್ನೂ ಕೂಡಲೇ ಬಿಟ್ಟುಬಿಟ್ಟರೆ ಎಂಜಿನ್ ತನ್ನ ಹದಕ್ಕೆ ಬರುವುದೇ ಇಲ್ಲ. ಬಹುತೇಕ ಕಾರುಗಳಲ್ಲಿ ಸುತ್ತಾಡುವ ನೀರಿನ ಉಷ್ಣತೆ ಸುಮಾರು 80ರಿಂದ 95 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ತಯಾರಕರು ಲೆಕ್ಕ ಹಾಕಿರುತ್ತಾರೆ. ಪಿಸ್ಟನ್ನಿಗೂ ಸಿಲಿಂಡರಿಗೂ ನಡುವಣ ಅಂತರ, ಆಯಿಲಿನ ಸ್ನಿಗ್ಧತೆ, ಪೆಟ್ರೋಲು ಆವಿಯಾಗುವ ಪ್ರಮಾಣ – ಎಲ್ಲವೂ ಆ ಉಷ್ಣತೆಗೆ ಹೊಂದಿಸಿದವುಗಳೇ.

ತಣ್ಣನೆಯ ಎಂಜಿನ್ನಿನಲ್ಲಿ ಪೆಟ್ರೋಲು ಪೂರ್ತಿ ಆವಿಯಾಗದೆ ಹನಿಗಳಾಗಿ ಉಳಿಯುತ್ತದೆ. ಹನಿಗಳು ಚೆನ್ನಾಗಿ ಉರಿಯುವುದಿಲ್ಲ. ಆದುದರಿಂದ ಗಾಳಿಗೆ ಹೋಲಿಸಿದರೆ ಹೆಚ್ಚು ಪೆಟ್ರೋಲನ್ನು ಕೊಡಬೇಕಾಗುತ್ತದೆ. ಅಂಬಾಸಡರ್, ಪದ್ಮಿನಿ ಕಾರುಗಳ ಕಾಲದಲ್ಲಿ ಚಾಲಕ ಚೋಕ್ ಎಳೆದು ಈ ಕೆಲಸ ಮಾಡುತ್ತಿದ್ದ. ಇಂದಿನ ಕಾರುಗಳಲ್ಲಿ ನೀರಿನ ಉಷ್ಣತೆಯನ್ನು ಅಳೆಯುವ ಸೆನ್ಸರ್ ನೀಡುವ ಸೂಚನೆಯಂತೆ ಕಂಪ್ಯೂಟರೇ ಪೆಟ್ರೋಲನ್ನು ಹೆಚ್ಚಿಸುತ್ತದೆ. ಎಂಜಿನ್ ಬಿಸಿಯಾದೊಡನೆ ಚೋಕನ್ನು ಒಳಗೆ ತಳ್ಳುತ್ತಿದ್ದಂತೆ, ಕಂಪ್ಯೂಟರೂ ಹೆಚ್ಚುವರಿ ಪೆಟ್ರೋಲನ್ನು ನಿಲ್ಲಿಸುತ್ತದೆ. ಎಂಜಿನ್ ಬಿಸಿಯಾಗದೇ ಉಳಿದರೆ ಆ ಹೆಚ್ಚುವರಿ ವೆಚ್ಚ ಪ್ರಯಾಣದುದ್ದಕ್ಕೂ ನಡೆಯುತ್ತದೆ.

ಮೇಣದ ಕಾವಲುಗಾರ

ಎಂಜಿನ್ನಿನಿಂದ ರೇಡಿಯೇಟರಿಗೆ ನೀರು ಹೋಗುವ ದಾರಿಯಲ್ಲಿ, ಅಂಗೈಯಲ್ಲಿ ಹಿಡಿಸುವಷ್ಟು ಚಿಕ್ಕದಾದ ಒಂದು ಕವಾಟವಿರುತ್ತದೆ. ಇದೇ ಥರ್ಮೋಸ್ಟ್ಯಾಟ್, ಅಂದರೆ ಉಷ್ಣ ನಿಯಂತ್ರಕ. ಎಂಜಿನ್ ತಣ್ಣಗಿರುವಾಗ ಇದು ಮುಚ್ಚಿಕೊಂಡಿರುತ್ತದೆ. ನೀರು ರೇಡಿಯೇಟರಿಗೆ ಹೋಗದೆ ಎಂಜಿನ್ನಿನೊಳಗೇ ಸುತ್ತುತ್ತದೆ. ನಿಗದಿತ ಉಷ್ಣತೆ ಬಂದಾಗ ಕವಾಟ ತೆರೆದುಕೊಳ್ಳುತ್ತದೆ.

ಇದರೊಳಗೆ ವಿದ್ಯುತ್ತಿಲ್ಲ. ಒಂದು ಪುಟ್ಟ ಲೋಹದ ಭರಣಿಯಲ್ಲಿ ಮೇಣ ತುಂಬಿರುತ್ತದೆ, ಅಷ್ಟೆ. ಘನವಸ್ತು ಕರಗಿ ದ್ರವವಾಗುವಾಗ ಸಾಮಾನ್ಯವಾಗಿ ಹಿಗ್ಗುತ್ತದೆ ಎಂಬ ಪಾಠವನ್ನು ಇಲ್ಲಿ ಜ್ಞಾಪಿಸಿಕೊಳ್ಳಬೇಕು. ಮೇಣ ಕರಗಿದಾಗ ಅದರ ಗಾತ್ರ ಸುಮಾರು ಶೇಕಡಾ 10ರಿಂದ 15ರಷ್ಟು ಹೆಚ್ಚುತ್ತದೆ. ಹಿಗ್ಗಿದ ಮೇಣ ಒಂದು ಕಡ್ಡಿಯನ್ನು ಒತ್ತುತ್ತದೆ, ಸ್ಪ್ರಿಂಗಿನ ಬಲವನ್ನು ಮೀರಿ ಕವಾಟ ತೆರೆಯುತ್ತದೆ. ನೀರು ತಣ್ಣಗಾದರೆ ಮೇಣ ಗಟ್ಟಿಯಾಗಿ ಕುಗ್ಗುತ್ತದೆ, ಸ್ಪ್ರಿಂಗು ಕವಾಟವನ್ನು ಮುಚ್ಚುತ್ತದೆ. ಅಮೆರಿಕದಲ್ಲಿ ಸರ್ಜಿಯಸ್ ವೆರ್ನೆ ಎಂಬ ಸಂಶೋಧಕ 1930ರ ದಶಕದಲ್ಲಿ ರೂಪಿಸಿದ ಈ ಮೇಣದ ಸಾಧನವೇ ಇಂದಿನವರೆಗೂ ಕಾರುಗಳಲ್ಲಿ ಉಳಿದು ಬಂದಿದೆ. ಕೆಲವು ಹೊಸ ಕಾರುಗಳಲ್ಲಿ ಮಾತ್ರ ಮೇಣದ ಜೊತೆಗೆ ವಿದ್ಯುತ್ ಕಾಯಿಸುರುಳಿಯನ್ನೂ ಸೇರಿಸಿದ್ದಾರೆ.

ಈ ಪುಟ್ಟ ಕವಾಟದ ಬೆಲೆಯನ್ನು ತಿಳಿಯಲು ಒಂದು ಲೆಕ್ಕ ಮಾಡಬಹುದು. ಒಂದು ಕಾರಿನಲ್ಲಿ 4 ಲೀಟರ್ ನೀರಿದೆ ಎನ್ನೋಣ. ಚಳಿಗಾಲದ ಮುಂಜಾನೆ ಅದರ ಉಷ್ಣತೆ 5 ಡಿಗ್ರಿ. ಅದನ್ನು 85 ಡಿಗ್ರಿಗೆ ತರಲು ನಾಲ್ಕನ್ನು 4.2ರಿಂದಲೂ 80ರಿಂದಲೂ ಗುಣಿಸಬೇಕು. ಬರುವ ಮೊತ್ತ ಸುಮಾರು 1,340 ಕಿಲೋಜೂಲ್. ಒಂದು ಲೀಟರ್ ಪೆಟ್ರೋಲು ಕೊಡುವ ಶಾಖ ಸುಮಾರು 32,000 ಕಿಲೋಜೂಲ್. ಅದರಲ್ಲಿ ಮೂರನೆಯ ಒಂದು ಭಾಗ ಮಾತ್ರ ನೀರಿಗೆ ಸೇರುವುದರಿಂದ, ನೀರೊಂದನ್ನು ಕಾಯಿಸುವುದರೊಳಗೇ ಸುಮಾರು 125 ಮಿಲಿಲೀಟರ್ ಪೆಟ್ರೋಲು ಉರಿದಿರುತ್ತದೆ. ಲೋಹದ ಭಾಗಗಳನ್ನು ಕಾಯಿಸುವ ಲೆಕ್ಕ ಬೇರೆ. ಕವಾಟ ಮುಚ್ಚಿದ್ದರೆ ರೇಡಿಯೇಟರಿನ ನೀರನ್ನು ಬಿಟ್ಟು ಎಂಜಿನ್ನಿನೊಳಗಿನ ನೀರು ಮಾತ್ರ ಬೇಗನೆ ಕಾಯುತ್ತದೆ. ಕವಾಟವೇ ಇಲ್ಲದಿದ್ದರೆ ಕಾದ ನೀರನ್ನು ರೇಡಿಯೇಟರಿನಲ್ಲಿ ಆರಿಸುತ್ತ, ಪುನಃ ಕಾಯಿಸುತ್ತ ಹೋಗಬೇಕಾಗುತ್ತದೆ. ತೂತಿರುವ ಹಂಡೆಗೆ ನೀರು ಹೊಯ್ದಂತೆ.

ತಣ್ಣನೆಯ ಎಂಜಿನ್ನಿಗೆ ಒದಗುವ ಹಾನಿ

ಪೆಟ್ರೋಲಿನ ದುಂದು ಮೊದಲನೆಯ ಹಾನಿ. ಎರಡನೆಯದು ಅದಕ್ಕಿಂತ ದೊಡ್ಡದು, ಕಣ್ಣಿಗೆ ಬೀಳದಂಥದು. ಒಂದು ಲೀಟರ್ ಪೆಟ್ರೋಲು ಉರಿದರೆ ಸುಮಾರು ಒಂದು ಲೀಟರಿನಷ್ಟೇ ನೀರು ಆವಿಯ ರೂಪದಲ್ಲಿ ಹುಟ್ಟುತ್ತದೆ. ಬಹುಭಾಗ ಹೊಗೆಯೊಡನೆ ಹೋದರೂ ಸ್ವಲ್ಪ ಭಾಗ ಪಿಸ್ಟನ್ ಬಳೆಗಳ ಪಕ್ಕದಿಂದ ಜಾರಿ ಆಯಿಲ್ ಇರುವ ಕೆಳಮನೆಗೆ ಇಳಿಯುತ್ತದೆ. ಎಂಜಿನ್ ಹದವಾಗಿ ಕಾದಿದ್ದರೆ ಈ ನೀರು ಆವಿಯಾಗಿಯೇ ಹೊರಬೀಳುತ್ತದೆ. ತಣ್ಣಗಿದ್ದರೆ ಹನಿಗಟ್ಟಿ ಆಯಿಲಿನಲ್ಲಿ ಬೆರೆಯುತ್ತದೆ. ಉರಿಯದ ಪೆಟ್ರೋಲೂ ಸಿಲಿಂಡರಿನ ಗೋಡೆಯ ಮೇಲಿನ ಆಯಿಲ್ ಪದರವನ್ನು ತೊಳೆದು ಅದೇ ಜಾಗಕ್ಕೆ ಇಳಿಯುತ್ತದೆ. ಆಯಿಲ್ ತೆಳ್ಳಗಾಗಿ, ಕೆಸರುಗಟ್ಟಿ, ಆಮ್ಲಾಂಶ ಕೂಡಿ ತನ್ನ ಗುಣವನ್ನು ಕಳೆದುಕೊಳ್ಳುತ್ತದೆ. ಬೇರಿಂಗು, ಪಿಸ್ಟನ್ ಬಳೆ, ಸಿಲಿಂಡರುಗಳು ಅಕಾಲದಲ್ಲಿ ಸವೆಯುತ್ತವೆ.

ಮೂರನೆಯ ಹಾನಿ ನಮ್ಮ ಗಾಳಿಗೆ. ಪೂರ್ತಿ ಉರಿಯದ ಪೆಟ್ರೋಲಿನಿಂದ ಕಾರ್ಬನ್ ಮಾನಾಕ್ಸೈಡ್ ಹೆಚ್ಚು ಹೊರಬೀಳುತ್ತದೆ. ನಮ್ಮ ದೇಶದ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ 1995ರಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಮುಂದೆ ಅದು ಎಲ್ಲೆಡೆಗೂ ಬಂದಿತು. ಹೊಗೆಯನ್ನು ಶುದ್ಧಿಮಾಡುವ ಈ ಪೆಟ್ಟಿಗೆ ಕೆಲಸ ಆರಂಭಿಸಬೇಕಾದರೆ ತಾನೇ ಸುಮಾರು 250ರಿಂದ 300 ಡಿಗ್ರಿ ಕಾದಿರಬೇಕು. ಉರಿಯದ ಪೆಟ್ರೋಲು ಸದಾ ಅದರೊಳಗೆ ಹೊಕ್ಕರೆ ಅದೂ ಕೆಡುತ್ತದೆ. ಅದನ್ನು ಬದಲಿಸುವ ವೆಚ್ಚದ ಮುಂದೆ ಥರ್ಮೋಸ್ಟ್ಯಾಟಿನ ಬೆಲೆ ಅತ್ಯಲ್ಪ.

ದೋಷದ ಮೂಲ ಎಲ್ಲಿ?

ಕಸ ಸಿಕ್ಕಿಕೊಂಡು, ತುಕ್ಕು ಹಿಡಿದು ಅಥವಾ ಸ್ಪ್ರಿಂಗು ಬಲಗುಂದಿ ಕವಾಟ ತೆರೆದೇ ಉಳಿಯುವುದು ಒಂದು ಕಾರಣ. ಆದರೆ ನಮ್ಮ ಕಡೆ ಇದಕ್ಕಿಂತ ಸಾಮಾನ್ಯವಾದ ಕಾರಣವೊಂದಿದೆ. ಥರ್ಮೋಸ್ಟ್ಯಾಟನ್ನು ಯಾರೋ ಎಂದೋ ಕಿತ್ತೆಸೆದಿರುತ್ತಾರೆ. ಬೇಸಗೆಯಲ್ಲಿ ಘಟ್ಟ ಹತ್ತುವಾಗ ಕಾರು ಬಿಸಿಯಾಗುತ್ತದೆ. ದಾರಿಯ ಬದಿಯ ಗ್ಯಾರೇಜಿನವರು ಥರ್ಮೋಸ್ಟ್ಯಾಟ್ ಬಿಚ್ಚಿ, "ನಮ್ಮ ಸೆಕೆಯ ದೇಶಕ್ಕೆ ಇದು ಬೇಡ" ಎಂದು ಮುಚ್ಚಳ ಬಿಗಿದು ಕಳಿಸುತ್ತಾರೆ. ಆ ಹೊತ್ತಿಗೆ ಮುಳ್ಳು ಕೆಳಗಿಳಿಯುತ್ತದೆ, ಮಾಲೀಕನಿಗೆ ಸಮಾಧಾನವಾಗುತ್ತದೆ.

ವಾಸ್ತವದಲ್ಲಿ ಬಿಸಿಯೇರಿಕೆಗೆ ಕಾರಣ ಬಹುಮಟ್ಟಿಗೆ ಬೇರೆಡೆ ಇರುತ್ತದೆ. ಗಡಸು ನೀರಿನ ಸುಣ್ಣ ಕಟ್ಟಿ ರೇಡಿಯೇಟರಿನ ಕೊಳವೆಗಳು ಮುಚ್ಚಿರಬಹುದು, ಫ್ಯಾನ್ ಬೆಲ್ಟು ಸಡಿಲವಾಗಿರಬಹುದು, ನೀರಿನ ಪಂಪು ಸವೆದಿರಬಹುದು, ರೇಡಿಯೇಟರಿನ ಮುಚ್ಚಳ ಒತ್ತಡವನ್ನು ಹಿಡಿಯದಿರಬಹುದು. ಮುಚ್ಚಿಕೊಂಡೇ ಕೆಟ್ಟ ಥರ್ಮೋಸ್ಟ್ಯಾಟೇ ಕಾರಣವಾಗಿದ್ದರೂ ಅದಕ್ಕೆ ಪರಿಹಾರ ಹೊಸತನ್ನು ಹಾಕುವುದು, ಜಾಗವನ್ನು ಬರಿದು ಬಿಡುವುದಲ್ಲ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಕೆಲವು ಎಂಜಿನ್ನುಗಳಲ್ಲಿ ಥರ್ಮೋಸ್ಟ್ಯಾಟ್ ರೇಡಿಯೇಟರಿನ ದಾರಿಯನ್ನು ತೆರೆಯುವಾಗಲೇ ಒಳಸುತ್ತಿನ ದಾರಿಯನ್ನು ಮುಚ್ಚುತ್ತದೆ. ಅಂಥದನ್ನು ಕಿತ್ತರೆ ಬಿಸಿ ನೀರಿನ ಒಂದು ಭಾಗ ರೇಡಿಯೇಟರನ್ನು ಕಾಣದೆಯೇ ಹಿಂತಿರುಗುತ್ತದೆ. ಆಗ ಚಳಿಯಲ್ಲಿ ಎಂಜಿನ್ ಬಿಸಿಯಾಗುವುದಿಲ್ಲ, ಘಟ್ಟದಲ್ಲಿ ತಣ್ಣಗಾಗುವುದೂ ಇಲ್ಲ. ಎರಡೂ ಕಡೆ ನಷ್ಟವೇ.

ಫ್ಯಾನನ್ನು "ಡೈರೆಕ್ಟ್" ಮಾಡುವುದು ಇದೇ ಬಗೆಯ ಮತ್ತೊಂದು ಅಭ್ಯಾಸ. ವಿದ್ಯುತ್ ಫ್ಯಾನ್ ಇರುವ ಕಾರುಗಳಲ್ಲಿ ನೀರು ಸಾಕಷ್ಟು ಕಾದ ಮೇಲೆ ಮಾತ್ರ ಅದು ತಿರುಗಬೇಕು. ಸ್ವಿಚ್ಚು ಕೆಟ್ಟಾಗ ಅದನ್ನು ಬದಲಿಸದೆ, ಕೀಲಿ ತಿರುಗಿಸಿದೊಡನೆ ಫ್ಯಾನ್ ಓಡುವಂತೆ ತಂತಿ ಜೋಡಿಸಿಬಿಡುತ್ತಾರೆ. ಬ್ಯಾಟರಿಗೂ ಇದರಿಂದ ಹೊರೆ.

ಪರೀಕ್ಷಿಸುವ ಕ್ರಮ

ಮೊದಲು ಕೇಳಬೇಕಾದ ಪ್ರಶ್ನೆ: ಎಂಜಿನ್ ನಿಜವಾಗಿ ತಣ್ಣಗಿದೆಯೋ, ಮೀಟರು ಸುಳ್ಳು ಹೇಳುತ್ತಿದೆಯೋ? ಸೆನ್ಸರ್ ಕೆಟ್ಟರೂ, ಅದರ ತಂತಿ ಕಳಚಿದರೂ ಮುಳ್ಳು ಮೇಲೇಳದಿರಬಹುದು. ಆದ್ದರಿಂದ ಈ ಅನುಕ್ರಮದಲ್ಲಿ ನೋಡುವುದು ಒಳ್ಳೆಯದು.

1. ನೀರಿನ ಮಟ್ಟ: ಎಂಜಿನ್ ಪೂರ್ತಿ ಆರಿದ ಮೇಲೆ ನೋಡಬೇಕು. ಬಿಸಿ ಇರುವಾಗ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು. ನೀರು ತೀರ ಕಡಿಮೆಯಾದರೆ ಸೆನ್ಸರಿಗೆ ನೀರು ತಾಗದೆ, ಎಂಜಿನ್ ಸುಡುತ್ತಿದ್ದರೂ ಮುಳ್ಳು ತಣ್ಣಗೆಂದೇ ತೋರಿಸಬಹುದು. ಇದು ಅತ್ಯಂತ ಅಪಾಯದ ಸ್ಥಿತಿ. ಆದುದರಿಂದ ಈ ಪರೀಕ್ಷೆಯೇ ಮೊದಲು.

2. ಮೇಲಿನ ಹೋಸ್ ಪೈಪು: ಬೆಳಿಗ್ಗೆ ತಣ್ಣನೆಯ ಎಂಜಿನ್ನನ್ನು ಚಾಲೂ ಮಾಡಿ, ಫ್ಯಾನಿಗೂ ಬೆಲ್ಟಿಗೂ ಕೈಯನ್ನಾಗಲಿ ಬಟ್ಟೆಯನ್ನಾಗಲಿ ತಾಗಿಸದಂತೆ, ರೇಡಿಯೇಟರಿನ ಮೇಲ್ಭಾಗಕ್ಕೆ ಹೋಗುವ ಪೈಪನ್ನು ಆಗಾಗ ಮುಟ್ಟಿ ನೋಡಬೇಕು. ಥರ್ಮೋಸ್ಟ್ಯಾಟ್ ಸರಿಯಿದ್ದರೆ ಪೈಪು ಹಲವು ನಿಮಿಷ ತಣ್ಣಗೇ ಇದ್ದು, ಆಮೇಲೆ ಥಟ್ಟನೆ ಬಿಸಿಯಾಗುತ್ತದೆ. ಮೊದಲಿನಿಂದಲೇ ಸ್ವಲ್ಪಸ್ವಲ್ಪವಾಗಿ ಬೆಚ್ಚಗಾದರೆ ಕವಾಟ ತೆರೆದಿದೆ ಅಥವಾ ಇಲ್ಲವೇ ಇಲ್ಲ ಎಂದು ಅರ್ಥ. ಕೆಲವು ಕಾರುಗಳಲ್ಲಿ ಥರ್ಮೋಸ್ಟ್ಯಾಟ್ ಕೆಳಗಿನ ಪೈಪಿನ ಕಡೆ ಇರುತ್ತದೆ. ಅವುಗಳಲ್ಲಿ ಕೆಳಗಿನ ಪೈಪನ್ನು ಗಮನಿಸಬೇಕು.

3. ಇಳಿಜಾರಿನ ಪರೀಕ್ಷೆ: ಇದಕ್ಕೆ ನಮ್ಮ ಬೆಟ್ಟದ ರಸ್ತೆಗಳೇ ಪ್ರಯೋಗಶಾಲೆ. ಮಸಿನಗುಡಿಯಿಂದ ಊಟಿಗೆ ಬರುವ ಕಲ್ಲಟ್ಟಿ ಘಟ್ಟದಲ್ಲಿ 36 ಕಡಿದಾದ ತಿರುವುಗಳಿವೆ. ಅಂಥ ಏರನ್ನು ಹತ್ತುವಾಗ ಮುಳ್ಳು ಹದಕ್ಕೆ ಬಂದು, ಮೇಲಿನ ಬಯಲಲ್ಲಿ ಓಡುವಾಗ ಅಥವಾ ಗೂಡಲೂರು, ಮೇಟ್ಟುಪಾಳಯಂ ಕಡೆಗೆ ಇಳಿಯುವಾಗ ತಳಕ್ಕೆ ಕುಸಿದರೆ ಥರ್ಮೋಸ್ಟ್ಯಾಟಿನ ದೋಷ ಬಹುತೇಕ ಖಚಿತ. ಇಳಿಜಾರಿನಲ್ಲಿ ಎಂಜಿನ್ ಉರಿಸುವ ಪೆಟ್ರೋಲು ತೀರ ಕಡಿಮೆ, ಬೀಸುವ ಗಾಳಿ ತಣ್ಣಗೆ. ಮುಚ್ಚಬೇಕಾದ ಬಾಗಿಲು ಮುಚ್ಚದಿದ್ದರೆ ಇದ್ದ ಬಿಸಿಯೂ ಸೋರಿಹೋಗುತ್ತದೆ.

4. ಹೀಟರ್ ಮತ್ತು ಫ್ಯಾನ್: ಅರ್ಧ ಗಂಟೆ ಓಡಿದರೂ ಹೀಟರಿನಿಂದ ಉಗುರು ಬೆಚ್ಚಗಿನ ಗಾಳಿಯೇ ಬಂದರೆ ಎಂಜಿನ್ ತಣ್ಣಗಿರುವುದು ನಿಜ. ಹೀಟರು ಸುಡುವಷ್ಟು ಬಿಸಿಯಿದ್ದು ಮುಳ್ಳು ಮಾತ್ರ ಏಳದಿದ್ದರೆ ದೋಷ ಮೀಟರಿನದು ಅಥವಾ ಸೆನ್ಸರಿನದು. ಚಾಲೂ ಮಾಡಿದ ಕೂಡಲೇ ಫ್ಯಾನ್ ತಿರುಗುತ್ತದೆಯೇ ಎಂಬುದನ್ನೂ ನೋಡಬೇಕು.

5. ಆಯಿಲ್ ತುಂಬುವ ಮುಚ್ಚಳ: ಅದರ ಒಳಗೆ ಮಜ್ಜಿಗೆಯ ನೊರೆಯಂಥ ಬಿಳಿ ಪದರವಿದ್ದರೆ ಆಯಿಲಿಗೆ ನೀರು ಸೇರಿದೆ ಎಂದರ್ಥ. ಡಿಪ್ ಸ್ಟಿಕ್ಕಿನ ಮೇಲಿನ ಆಯಿಲೂ ಹಾಲಿನಂತಾಗಿ, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಅದು ಹೆಡ್ ಗ್ಯಾಸ್ಕೆಟ್ಟಿನ ದೋಷವಿರಬಹುದು. ಆಗ ತಡಮಾಡದೆ ನುರಿತ ಮೆಕ್ಯಾನಿಕ್ಕಿಗೆ ತೋರಿಸಬೇಕು.

ಕಂಪ್ಯೂಟರ್ ಇರುವ ಕಾರುಗಳಲ್ಲಿ ಗ್ಯಾರೇಜಿನವರು ಸ್ಕ್ಯಾನರ್ ಜೋಡಿಸಿದಾಗ ಪಿ0128 ಎಂಬ ಸಂಕೇತ ಕಂಡರೆ, ನೀರು ಇರಬೇಕಾದಷ್ಟು ಕಾಯುತ್ತಿಲ್ಲ ಎಂಬುದೇ ಅದರ ತಾತ್ಪರ್ಯ.

ಪಾತ್ರೆಯ ನೀರಿನಲ್ಲಿ ಪ್ರಯೋಗ

ಬಿಚ್ಚಿದ ಥರ್ಮೋಸ್ಟ್ಯಾಟನ್ನು ಎಸೆಯುವ ಮೊದಲು, ಹೊಸತನ್ನು ಜೋಡಿಸುವ ಮೊದಲು ಈ ಪ್ರಯೋಗ ಮಾಡಬಹುದು. ಶಾಲೆಯ ವಿಜ್ಞಾನ ಕೊಠಡಿಯಲ್ಲೂ ಮಕ್ಕಳಿಗೆ ತೋರಿಸಲು ಯೋಗ್ಯವಾದುದು. ಅಡಿಗೆಗೆ ಬಳಸದ ಪಾತ್ರೆಯಲ್ಲಿ ನೀರು ತುಂಬಿ, ಥರ್ಮೋಸ್ಟ್ಯಾಟನ್ನು ದಾರದಿಂದ ತೂಗುಬಿಡಬೇಕು. ಪಕ್ಕದಲ್ಲಿ ಪ್ರಯೋಗಶಾಲೆಯ ಉಷ್ಣತಾಮಾಪಕ ಇರಲಿ. ಎರಡೂ ಪಾತ್ರೆಯ ತಳವನ್ನು ಮುಟ್ಟಬಾರದು. ನೀರನ್ನು ನಿಧಾನವಾಗಿ ಕಾಯಿಸುತ್ತ ಕವಾಟ ಬಿಡಲು ತೊಡಗುವ ಉಷ್ಣತೆಯನ್ನು ಗುರುತಿಸಬೇಕು. ಥರ್ಮೋಸ್ಟ್ಯಾಟಿನ ಮೇಲೆಯೇ 82 ಅಥವಾ 88 ಎಂಬಂತೆ ಕೆತ್ತಿರುವ ಸಂಖ್ಯೆ ತೆರೆಯಲು ಆರಂಭಿಸುವ ಉಷ್ಣತೆ. ಪೂರ್ತಿ ತೆರೆಯಲು ಅದಕ್ಕಿಂತ ಸುಮಾರು 10ರಿಂದ 15 ಡಿಗ್ರಿ ಹೆಚ್ಚು ಬೇಕು. ತಣ್ಣನೆಯ ನೀರಿನಲ್ಲೇ ತೆರೆದಿದ್ದರೆ ಅದು ಕೆಟ್ಟಿದೆ.

ಇಲ್ಲಿ ಬೆಟ್ಟದವರು ಮರೆಯಬಾರದ ಒಂದು ವಿಷಯವಿದೆ. ಊಟಿ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ವಾಯುಭಾರ ಕಡಿಮೆಯಾದ್ದರಿಂದ ಅಲ್ಲಿ ತೆರೆದ ಪಾತ್ರೆಯ ನೀರು 100 ಡಿಗ್ರಿಯಲ್ಲಿ ಅಲ್ಲ, ಸುಮಾರು 92–93 ಡಿಗ್ರಿಯಲ್ಲೇ ಕುದಿಯುತ್ತದೆ. ಆಮೇಲೆ ಎಷ್ಟು ಉರಿ ಹಾಕಿದರೂ ಉಷ್ಣತೆ ಏರುವುದಿಲ್ಲ. ಹಾಗಾಗಿ 88 ಡಿಗ್ರಿಯ ಥರ್ಮೋಸ್ಟ್ಯಾಟ್ ಅಲ್ಲಿನ ಪಾತ್ರೆಯಲ್ಲಿ ಸ್ವಲ್ಪವೇ ಬಾಯಿ ಬಿಟ್ಟು ನಿಂತುಬಿಡುತ್ತದೆ. ಪೂರ್ತಿ ತೆರೆಯಲಿಲ್ಲವೆಂದು ಒಳ್ಳೆಯ ವಸ್ತುವನ್ನು ಕೆಟ್ಟದ್ದೆಂದು ಎಸೆಯಬಾರದು.

ಹಾಗಾದರೆ ಕಾರಿನೊಳಗಿನ ನೀರು ಅಷ್ಟು ಎತ್ತರದಲ್ಲಿ ಏಕೆ ಬೇಗನೆ ಕುದಿಯುವುದಿಲ್ಲ? ಪ್ರೆಶರ್ ಕುಕ್ಕರಿನ ತತ್ವವೇ ಇದಕ್ಕೆ ಉತ್ತರ. ರೇಡಿಯೇಟರಿನ ಮುಚ್ಚಳ ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. 0.9 ಬಾರ್ ಒತ್ತಡದ ಮುಚ್ಚಳವಿದ್ದರೆ ಊಟಿಯಲ್ಲೂ ಕುದಿಯುವ ಬಿಂದು ಸುಮಾರು 115 ಡಿಗ್ರಿಗೆ ಏರುತ್ತದೆ. ಮುಚ್ಚಳದ ರಬ್ಬರು ಸವೆದರೆ ಈ ರಕ್ಷಣೆ ಹೋಗುತ್ತದೆ. ಆಗ ಹಬೆಯನ್ನು ಕಂಡವರು ತಪ್ಪನ್ನು ಥರ್ಮೋಸ್ಟ್ಯಾಟಿನ ಮೇಲೆ ಹೊರಿಸಿ ಅದನ್ನು ಕೀಳುತ್ತಾರೆ.

ಹೊಸದನ್ನು ಜೋಡಿಸುವಾಗ

ಕಾರಿನ ತಯಾರಕರು ಹೇಳಿದ ಉಷ್ಣತೆಯ ಥರ್ಮೋಸ್ಟ್ಯಾಟನ್ನೇ ಹಾಕಿಸಬೇಕು. ಬೇಗ ತೆರೆಯಲೆಂದು ಕಡಿಮೆ ಸಂಖ್ಯೆಯದನ್ನಾಗಲಿ, ಚಳಿಯೆಂದು ಹೆಚ್ಚಿನದನ್ನಾಗಲಿ ಆರಿಸಬಾರದು. ಮೇಣದ ಭರಣಿ ಎಂಜಿನ್ನಿನ ಕಡೆಗಿರಬೇಕು. ಗಾಳಿ ಹೊರಹೋಗುವ ಸಣ್ಣ ರಂಧ್ರವಿದ್ದರೆ ಅದು ಸಾಮಾನ್ಯವಾಗಿ ಮೇಲ್ಮುಖವಾಗಿರಬೇಕು. ಹಳೆಯ ಗ್ಯಾಸ್ಕೆಟ್ಟನ್ನು ಪೂರ್ತಿ ಕೆರೆದು ತೆಗೆದು ಹೊಸತನ್ನು ಕೂರಿಸಬೇಕು. ನೀರು ತುಂಬುವಾಗ ಒಳಗೆ ಸಿಕ್ಕಿದ ಗಾಳಿಯನ್ನು ಬಿಡಿಸಬೇಕು, ಇಲ್ಲದಿದ್ದರೆ ಹೀಟರು ಬಿಸಿಯಾಗುವುದಿಲ್ಲ.

ಬರಿಯ ನಲ್ಲಿ ನೀರು ಬೇಡ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಊಟಿಯ ತಗ್ಗು ಪ್ರದೇಶಗಳಲ್ಲಿ ಹುಲ್ಲಿನ ಮೇಲೆ ಹಿಮ ಕೂರುವುದು ನಮಗೆ ಹೊಸದಲ್ಲ. ಕೂಲಂಟನ್ನು ಶುದ್ಧೀಕರಿಸಿದ ನೀರಿನೊಡನೆ ಡಬ್ಬಿಯ ಮೇಲೆ ಸೂಚಿಸಿದ ಪ್ರಮಾಣದಲ್ಲಿ ಬೆರೆಸಿದರೆ ಅದು ಹೆಪ್ಪುಗಟ್ಟುವುದನ್ನೂ ತುಕ್ಕನ್ನೂ ಸುಣ್ಣ ಕಟ್ಟುವುದನ್ನೂ ತಡೆಯುತ್ತದೆ. ಆದರೆ ಕೂಲಂಟಿನಲ್ಲಿ ಸಾಮಾನ್ಯವಾಗಿ ಇರುವ ಎಥಿಲೀನ್ ಗ್ಲೈಕಾಲ್ ರುಚಿಗೆ ಸಿಹಿ, ಗುಣದಲ್ಲಿ ವಿಷ. ಬಸಿದ ನೀರನ್ನು ಮಕ್ಕಳಿಗೂ ನಾಯಿ, ದನಗಳಿಗೂ ಸಿಗುವಂತೆ ಅಂಗಳದಲ್ಲಿ ಚೆಲ್ಲಬಾರದು.

ರೇಡಿಯೇಟರಿನ ಮುಂದೆ ರಟ್ಟು ಅಥವಾ ಗೋಣಿ ಕಟ್ಟಿ ಬಿಸಿ ಮಾಡಿಕೊಳ್ಳುವ ಉಪಾಯ ಶಾಶ್ವತವಲ್ಲ. ಬಯಲಲ್ಲಿ ಅದು ನೆರವಾದರೂ, ಏರು ಬಂದಾಗ ಗಾಳಿ ಸಾಲದೆ ಎಂಜಿನ್ ಸುಡುತ್ತದೆ.

ದಿನನಿತ್ಯದ ಪಾಲನೆ

ಥರ್ಮೋಸ್ಟ್ಯಾಟ್ ಸರಿಯಿದ್ದರೂ ಎರಡು ಅಭ್ಯಾಸಗಳಿಂದ ಎಂಜಿನ್ ತಣ್ಣಗೇ ಉಳಿಯುತ್ತದೆ. ಮೊದಲನೆಯದು, ನಿಂತಲ್ಲೇ ಕಾಲು ಗಂಟೆ ಎಂಜಿನ್ ಓಡಿಸುವುದು. ಹಗುರವಾಗಿ ಓಡುವ ಎಂಜಿನ್ ಕಾಯಲು ಬಹಳ ಹೊತ್ತು ಬೇಕು. ಅರ್ಧದಿಂದ ಒಂದು ನಿಮಿಷ ಬಿಟ್ಟು, ಮೊದಲ ಕೆಲವು ಕಿಲೋಮೀಟರ್ ಮೆಲ್ಲನೆ ಓಡಿಸುವುದೇ ಲೇಸು. ಚಳಿಯೆಂದು ಶೆಡ್ಡಿನ ಬಾಗಿಲು ಮುಚ್ಚಿಕೊಂಡು ಒಳಗೆ ಎಂಜಿನ್ ಓಡಿಸುವುದಂತೂ ಪ್ರಾಣಕ್ಕೇ ಸಂಚಕಾರ. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅದು ಎಚ್ಚರಿಸದೆಯೇ ಕೊಲ್ಲುತ್ತದೆ.

ಎರಡನೆಯದು, ಒಂದೆರಡು ಕಿಲೋಮೀಟರಿನ ಓಡಾಟವಷ್ಟೇ ಮಾಡುವುದು. ಮಕ್ಕಳನ್ನು ಶಾಲೆಗೆ ಬಿಟ್ಟು, ಮಾರುಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಆಯಿಲ್ ಕಾದಿರುವುದಿಲ್ಲ. ಅಂಥವರು ವಾರಕ್ಕೊಮ್ಮೆಯಾದರೂ ಅರ್ಧ ಮುಕ್ಕಾಲು ಗಂಟೆಯ ಪ್ರಯಾಣ ಮಾಡಿದರೆ ಆಯಿಲಿನಲ್ಲಿ ಕೂಡಿದ ನೀರು ಆವಿಯಾಗಿ ಹೋಗುತ್ತದೆ. ಆಯಿಲನ್ನೂ ಹೇಳಿದ ಅವಧಿಗಿಂತ ಮೊದಲೇ ಬದಲಿಸುವುದು ಮೇಲು.

ಈ ವಿಷಯವನ್ನೆಲ್ಲ ಒಂದೇ ಮಾತಿಗೆ ಇಳಿಸುವುದಾದರೆ, ಕಾರು ಬಿಸಿಯಾದಾಗ ಥರ್ಮೋಸ್ಟ್ಯಾಟ್ ತೆಗೆಯಲು ಒಪ್ಪಬಾರದು, ಬಿಸಿಯಾಗದಿದ್ದಾಗ ಅದು ಇದೆಯೇ ಎಂದು ಮೊದಲು ನೋಡಬೇಕು. ಗ್ಯಾರೇಜಿನಲ್ಲಿ "ಏಕೆ ತೆಗೆಯುತ್ತೀರಿ, ಬಿಸಿಯಾಗಲು ಮೂಲ ಕಾರಣವೇನು" ಎಂದು ಕೇಳುವ ಗ್ರಾಹಕನಿದ್ದರೆ ಮೆಕ್ಯಾನಿಕ್ಕೂ ಮೂಲ ಕಾರಣವನ್ನೇ ಹುಡುಕುತ್ತಾನೆ. ಹೀಗೆ ಕೇಳುವ ಧೈರ್ಯಕ್ಕೆ ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಕಾದ ಮೇಣ ಹಿಗ್ಗುತ್ತದೆ, ಒತ್ತಡ ಹೆಚ್ಚಿದರೆ ಕುದಿಯುವ ಬಿಂದು ಏರುತ್ತದೆ, ತಣ್ಣಗಾದ ಆವಿ ಹನಿಗಟ್ಟುತ್ತದೆ ಎಂಬ ಮೂರು ಪಾಠಗಳು ಸಾಕು. ಆ ಮೂರನ್ನೂ ನಾವು ಕಲಿತದ್ದು ಈ ಶಾಲೆಯ ಬೆಂಚುಗಳ ಮೇಲೆ ಕುಳಿತು, ಕನ್ನಡದಲ್ಲೇ.